ಪೇಪರ್ ಮಿಲ್ ಕೊಳವೆಯ ಕೆಳಗೆ ಮೀನು, ಹುಳು ಸರ್ವೆ: ಜಾಗ, ಕಾಲ, ಸಂಖ್ಯೆ ಹೇಗೆ ಗೊತ್ತು ಮಾಡೋದು?

ಹೊಳೆಸಾಲು:

ಘಟ್ಟದ ಅಂಚಿನ ನದಿ. ಮೇಲೆ ವಿದ್ಯುತ್ ಅಣೆಕಟ್ಟು, ಸಾಕಷ್ಟು ಕೆಳಗೆ ಬಲದಂಡೆಯಲ್ಲಿ ಕಾಗದ ಕಾರ್ಖಾನೆಯ ಸಂಸ್ಕರಿಸಿದ ನೀರು ಬಿಡುವ ಕೊಳವೆ. ಕೊಳವೆಯಿಂದ 1.5 ಕಿ.ಮೀ. ಕೆಳಗೆ ಅದೇ ದಂಡೆಗೆ ಊರಿನ ಚರಂಡಿ ಬಂದು ಸೇರುತ್ತದೆ. ಮಿಲ್ ನೀಲಗಿರಿ, ಸುಬಾಬುಲ್ ಮರದ ಕ್ರಾಫ್ಟ್ ಪಲ್ಪ್ (ಸೋಡಿಯಂ ರಾಸಾಯನಿಕದಲ್ಲಿ ಬೇಯಿಸಿದ ನಾರಿನ ಮುದ್ದೆ) ಮಾಡಿ ಬ್ಲೀಚ್ ಮಾಡುತ್ತದೆ. ಕೊಳವೆ ಬಾಯಿಯ ವರದಿಗಳೆಲ್ಲ ಮಿತಿಯೊಳಗಿವೆ: ಬಿಒಡಿ (ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾ ಬಳಸುವ ಆಕ್ಸಿಜನ್, ಲೀಟರಿಗೆ ಮಿ.ಗ್ರಾಂ) 30ಕ್ಕಿಂತ ಕಡಿಮೆ, ಸಿಒಡಿ (ಅದಕ್ಕೇ ರಾಸಾಯನಿಕವಾಗಿ ಬೇಕಾಗುವ ಆಕ್ಸಿಜನ್) 250ರ ಆಸುಪಾಸು, ಪಿಎಚ್ 7.4. ನಮಗೆ ಬೇಕಾಗಿರುವುದು ಕೊಳವೆಯ ಲೆಕ್ಕವಲ್ಲ, ಹೊಳೆಯೊಳಗಿನ ಜೀವಿಗಳಿಗೆ ಏನಾಗುತ್ತಿದೆ ಅನ್ನೋದು.

ಪ್ರಾಣಿಶಾಸ್ತ್ರ ವಿಭಾಗದ ನಾಲ್ಕು ಜನ ಹಾಕಿಕೊಂಡ ಯೋಜನೆ ಹೀಗಿದೆ. ಫೆಬ್ರವರಿಯಲ್ಲಿ ಒಂದೇ ಸುತ್ತು. ಮೂರು ಜಾಗ: ಕೊಳವೆಯ 2 ಕಿ.ಮೀ. ಮೇಲೆ, 200 ಮೀ. ಕೆಳಗೆ, 5 ಕಿ.ಮೀ. ಕೆಳಗೆ. ಪ್ರತಿ ಜಾಗದಲ್ಲಿ ಸರ್ಬರ್ ಬಲೆಯಲ್ಲಿ (ಹೊಳೆತಳದ ಹುಳು ಹಿಡಿಯುವ ಚೌಕಟ್ಟಿನ ಬಲೆ) ಐದು ಸ್ಯಾಂಪಲ್, ಬಲೆಗೆ ಬಿದ್ದ 30 ಮೀನು, ಶ್ಯಾನನ್ ಸೂಚ್ಯಂಕ (ಜೀವಿ ವೈವಿಧ್ಯದ ಅಳತೆ). ಜೊತೆಗೆ ಕೊಳವೆ ನೀರಿನಲ್ಲಿ ಜೀಬ್ರಾ ಮೀನಿನ 96 ಗಂಟೆಯ ಪರೀಕ್ಷೆ. ಕಾಗದ ಮಿಲ್‌ಗಳಿಗೆ ಕೆನಡಾದಲ್ಲಿರುವ ಪರಿಣಾಮ ಮಾನಿಟರಿಂಗ್ ಪದ್ಧತಿಯನ್ನು ಆದಷ್ಟು ಅನುಸರಿಸಬೇಕು ಅಂತಿದೆ. ಎಲ್ಲಿ ಎಡವುತ್ತೇವೆ, ಹೇಳಿ.

---

ಅಳತೆಗೋಲು:

ಜಾಗದಲ್ಲೇ ಎಡವಿದ್ದೀರಿ. 5 ಕಿ.ಮೀ. ಕೆಳಗಿನ ಜಾಗ ಚರಂಡಿಯನ್ನೂ ದಾಟಿದ್ದು. ಅಲ್ಲಿ ಏನು ಕಂಡರೂ ಅದು ಮಿಲ್ಲಿನದೋ ಊರಿನದೋ ಅಂತ ಯಾರೂ ಬಿಡಿಸಿ ಹೇಳಲಾರರು. ಕೊಳವೆಗೂ ಚರಂಡಿಗೂ ನಡುವಿನ ಆ ಒಂದೂವರೆ ಕಿಲೋಮೀಟರೇ ನಿಮ್ಮ ಆಸ್ತಿ. ಅದರೊಳಗೆ ಎರಡು ಜಾಗ ಇಡಿ, ಒಂದು 100ರಿಂದ 250 ಮೀ. ಒಳಗೆ, ಇನ್ನೊಂದು 1.2 ಕಿ.ಮೀ. ಹತ್ತಿರ. ಚರಂಡಿಯ ಕೆಳಗೆ 300 ಮೀ. ದಾಟಿ ಒಂದು ಇರಲಿ, ಅದು ಚರಂಡಿಯ ಪಾಲು ಎಷ್ಟು ಅಂತ ತಿಳಿಯಲು. ಕೊಳವೆಯ ಮೇಲೆ ಒಂದಲ್ಲ, ಎರಡು ಹೋಲಿಕೆ ಜಾಗ ಬೇಕು. ಒಂದೇ ಇದ್ದರೆ ಹೊಳೆಯ ಸಹಜ ಏರುಪೇರು ಎಷ್ಟು ಅನ್ನೋದೇ ಗೊತ್ತಾಗಲ್ಲ.

ಆ ಎರಡೂ ಹೋಲಿಕೆ ಜಾಗ ಅಣೆಕಟ್ಟಿನ ಕೆಳಗೇ ಇರಬೇಕು. ಅಣೆಕಟ್ಟಿನ ಮೇಲಿನ ಉಪನದಿ ಚೊಕ್ಕಟವಾಗಿದೆ ಅಂತ ಅದನ್ನು ಆರಿಸಿದರೆ ನೀವು ಅಳೆಯುವುದು ಅಣೆಕಟ್ಟಿನ ಪರಿಣಾಮವನ್ನು, ಮಿಲ್ಲಿನದ್ದನ್ನಲ್ಲ. ಸೂಪಾ ಅಣೆಕಟ್ಟಿನ ಕೆಳಗಿನ ಕಾಳಿ ನದಿಯನ್ನು ನೋಡಿದವರಿಗೆ ಇದು ಗೊತ್ತು. ವಿದ್ಯುತ್ ಬೇಕಾದಾಗ ನೀರು ಏರುತ್ತದೆ, ಬೇಡವಾದಾಗ ಇಳಿಯುತ್ತದೆ. ದಿನಕ್ಕೊಮ್ಮೆ ಒಣಗಿ ನೆನೆಯುವ ದಂಡೆಯ ಪಟ್ಟಿಯಲ್ಲಿ ಹುಳುಗಳು ನೆಲೆ ನಿಲ್ಲುವುದಿಲ್ಲ. ನೀರು ಏರಿದಾಗ ಅಲ್ಲಿ ಬಲೆ ಹಾಕಿ ಸೊನ್ನೆ ಪಡೆದು ಮಾಲಿನ್ಯ ಅಂತ ಬರೆದುಬಿಡುವುದು ಸುಲಭ. ಕನಿಷ್ಠ ಹರಿವಿನಲ್ಲೂ ಮುಳುಗಿರುವ ಭಾಗವನ್ನು ಮೊದಲೇ ಗುರುತು ಹಾಕಿಕೊಂಡು ಅಲ್ಲಿ ಮಾತ್ರ ತೆಗೆಯಿರಿ.

ಇನ್ನು ಮಿಲ್ ನೀರು ನಿಜಕ್ಕೂ ಎಲ್ಲಿ ಹೋಗುತ್ತಿದೆ? ಬಣ್ಣ ನೋಡಿ ಹೇಳಬೇಡಿ. ಲಿಗ್ನಿನ್‌ನ (ಮರದ ನಾರನ್ನು ಅಂಟಿಸುವ ವಸ್ತು) ಕಂದು ಬಣ್ಣ ತುಂಬ ತೆಳುವಾದರೂ ಕಾಣುತ್ತದೆ, ಬಿಸಿಲಿನ ಕೋನ ಬದಲಾದರೆ ಕಾಣೆಯಾಗುತ್ತದೆ. ನೀರಿನಲ್ಲಿ ಲವಣ ಎಷ್ಟಿದೆ ಅಂತ ತೋರಿಸುವ ಕಂಡಕ್ಟಿವಿಟಿ ಮೀಟರ್ ಹಿಡಿಯಿರಿ. ಮಲೆನಾಡಿನ ನೀರು ಮೃದು, 50ರಿಂದ 100 ಮೈಕ್ರೊಸೀಮೆನ್ಸ್. ಕ್ರಾಫ್ಟ್ ಮಿಲ್ಲಿನ ನೀರಿನಲ್ಲಿ ಸೋಡಿಯಂ ಲವಣ ತುಂಬಿರುವುದರಿಂದ ಅದು ಸಾವಿರದ ಮೇಲೆ. ಈ ಅಂತರವೇ ನಿಮ್ಮ ಅಳತೆಗೋಲು:

ಮಿಲ್ ನೀರಿನ ಪಾಲು = (ಆ ಜಾಗದ ಓದು − ಮೇಲಿನ ಓದು) ÷ (ಕೊಳವೆಯ ಓದು − ಮೇಲಿನ ಓದು)

ಉದಾಹರಣೆಗೆ ಮೇಲೆ 62, ಕೊಳವೆಯಲ್ಲಿ 2000, ನಿಮ್ಮ ಜಾಗದಲ್ಲಿ 118 ಇದ್ದರೆ 56 ÷ 1938, ಅಂದರೆ 2.9%. ಒಂದು ಪರ್ಸೆಂಟಿಗೆ ಓದು ಏರುವುದು ಸುಮಾರು 19 ಅಷ್ಟೇ. ಹಾಗಾಗಿ 10ರ ಹಂತದಲ್ಲಿ ತೋರಿಸುವ ಅಗ್ಗದ ಪೆನ್ ಮೀಟರ್ ಸಾಲದು, 1ರ ಹಂತದ್ದು ಬೇಕು. 84 ಮತ್ತು 1413ರ ಸ್ಟ್ಯಾಂಡರ್ಡ್ ದ್ರಾವಣ ಎರಡರಲ್ಲೂ ಸರಿಮಾಡಿ, ಓದು 25 ಡಿಗ್ರಿಗೆ ತಿದ್ದಿದ್ದೇ ಅಂತ ಖಚಿತ ಮಾಡಿಕೊಳ್ಳಿ.

50, 100, 250, 500, 1000 ಮೀಟರಿನಲ್ಲಿ ಹೊಳೆಗೆ ಅಡ್ಡಲಾಗಿ ಐದೈದು ಕಡೆ ಓದಿ. ದಂಡೆಯಲ್ಲಿ ಬಿಟ್ಟ ನೀರು ಕೂಡಲೇ ಬೆರೆಯುವುದಿಲ್ಲ, ಬಹಳ ದೂರ ಅದೇ ದಂಡೆಗೆ ಅಂಟಿಕೊಂಡು ಹೋಗುತ್ತದೆ. ನಿಮ್ಮ 200 ಮೀಟರಿನ ಜಾಗವನ್ನು ಎಡದಂಡೆಯಲ್ಲಿ ಇಟ್ಟಿದ್ದರೆ ಅಲ್ಲಿ ಮಿಲ್ ನೀರೇ ಇಲ್ಲದಿರಬಹುದು! ಅಣೆಕಟ್ಟಿನ ಹರಿವು ಗಂಟೆಗಂಟೆಗೆ ಬದಲಾಗುವುದರಿಂದ ಬಲದಂಡೆಯ ಒಂದು ಕಡೆಯಾದರೂ ಲಾಗರ್ (ತಾನೇ ಓದು ದಾಖಲಿಸುವ ಮೀಟರ್) ಕಟ್ಟಿ ಒಂದು ವಾರ ಬಿಡಿ. ಸರಾಸರಿ 2% ಅನ್ನುವ ಜಾಗ ಬೆಳಗಿನ ಜಾವ 8% ಇರಬಹುದು. ಮೀನಿಗೆ ಸರಾಸರಿ ಗೊತ್ತಿಲ್ಲ.

ಕೆನಡಾದ ನಿಯಮದಲ್ಲೂ ಎಲ್ಲ ಶುರುವಾಗುವುದು ಇಲ್ಲಿಂದಲೇ. ಕೊಳವೆಯಿಂದ 250 ಮೀ. ಒಳಗೆ ಮಿಲ್ ನೀರು 1% ಮೀರಿದರೆ ಮೀನಿನ ಸರ್ವೆ, 100 ಮೀ. ಒಳಗೆ ಮೀರಿದರೆ ತಳಜೀವಿ (ಹೊಳೆತಳದ ಹುಳು) ಸರ್ವೆ.

---

ಕಲ್ಲಡಿಹುಳ:

ತಳಜೀವಿಗೆ ಫೆಬ್ರವರಿ ಸರಿ. ಪ್ರವಾಹ ನಿಂತು ತಿಂಗಳುಗಳಾಗಿರುತ್ತವೆ, ಹರಿವು ಕಡಿಮೆ, ಸಮುದಾಯ ನೆಲೆ ನಿಂತಿರುತ್ತದೆ.

ಆದರೆ ಒಂದೇ ಕಲ್ಲುಹಾಸಿನ ಮೇಲೆ ಹತ್ತಿರ ಹತ್ತಿರ ಐದು ಸರ್ಬರ್ ಹಾಕಿದರೆ ಅದು ಐದು ಸ್ಯಾಂಪಲ್ ಅಲ್ಲ, ಒಂದೇ ಸ್ಯಾಂಪಲ್ಲಿನ ಐದು ತುಂಡು. ಪ್ರತಿ ಜಾಗವನ್ನೂ ಒಂದು ಪ್ರದೇಶ ಅಂದುಕೊಂಡು ಅದರಲ್ಲಿ ದೂರ ದೂರದ ಐದು ಹಾಸು ಆರಿಸಿ. ಪ್ರತಿ ಹಾಸಿನಲ್ಲಿ ಮೂರು ಸಲ ಸರ್ಬರ್ (30 ಸೆಂ.ಮೀ. ಚೌಕ, 0.09 ಚದರ ಮೀ., 500 ಮೈಕ್ರಾನ್ ಜಾಲರಿ) ಹಾಕಿ ಮೂರನ್ನೂ ಸೇರಿಸಿ ಒಂದು ಡಬ್ಬಿ ಮಾಡಿ. ಪ್ರದೇಶಕ್ಕೆ ಐದು ಡಬ್ಬಿ. ಎಲ್ಲ ಕಡೆ ಆಳ, ವೇಗ, ಕಲ್ಲಿನ ಗಾತ್ರ ಒಂದೇ ತರಹ ಇರಲಿ. 20ರಿಂದ 40 ಸೆಂ.ಮೀ. ಆಳ, ಮುಷ್ಟಿಯಿಂದ ತೆಂಗಿನಕಾಯಿ ಗಾತ್ರದ ಕಲ್ಲು, ಹೀಗೆ ಏನಾದರೂ ಒಂದು ಕಟ್ಟು ಹಾಕಿಕೊಳ್ಳಿ. ಮೇಲಿನ ಜಾಗ ಕಲ್ಲುಹಾಸು, ಕೆಳಗಿನದು ಮರಳು ಗುಂಡಿ ಅಂತಾದರೆ ಎಲ್ಲ ವ್ಯರ್ಥ.

ಕೊಳವೆಯ ಕೆಳಗೆ ಕಲ್ಲು ಎತ್ತಿದಾಗ ಬೂದು ಬಣ್ಣದ ಪದರ ಕಂಡರೆ ಅದು ನಾರೋ ಬ್ಯಾಕ್ಟೀರಿಯಾವೋ ಅಂತ ಅಲ್ಲೇ ನೋಡಿ, ಏಕೆಂದರೆ ಎರಡರ ಕಾರಣ ಬೇರೆ. ಕಾಗದದ ನಾರಾದರೆ ಕಲ್ಲಿನ ಸಂದಿಯಲ್ಲಿ ನೆನೆದ ಹತ್ತಿಯ ಹಾಗೆ ಕೂತಿರುತ್ತದೆ. ಚಿಟಿಕೆ ತೆಗೆದು ಅಂಗೈಯಲ್ಲಿ ಒತ್ತಿ ಬಿಸಿಲಿಗೆ ಒಣಗಿಸಿದರೆ ಒರಟು ಕಾಗದವೇ ಆಗುತ್ತದೆ. ಸ್ಫೆರೋಟಿಲಸ್ ಅನ್ನುವ ಬ್ಯಾಕ್ಟೀರಿಯಾ ಆದರೆ ಹರಿವಿನ ದಿಕ್ಕಿಗೆ ನರೆಗೂದಲಿನ ಹಾಗೆ ತೊನೆಯುತ್ತಿರುತ್ತದೆ, ಕೈಗೆ ಲೋಳೆ, ಒಣಗಿದರೆ ಏನೂ ಉಳಿಯುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಅನುಮಾನವೇ ಇಲ್ಲ. ನೀಲಗಿರಿಯ ನಾರು ಮಿಲಿಮೀಟರಿಗಿಂತ ತುಸು ಗಿಡ್ಡ, 15-20 ಮೈಕ್ರಾನ್ ಅಗಲದ ಚಪ್ಪಟೆ ರಿಬ್ಬನ್. ಸ್ಫೆರೋಟಿಲಸ್ 400 ಪಟ್ಟಿನಲ್ಲಿ ಕೊಳವೆಯೊಳಗೆ ಸಾಲಾಗಿ ಕೂತ ಕಡ್ಡಿ ಕೋಶಗಳು. ಮೊದಲನೆಯದು ಕಂಡರೆ ಮಿಲ್ಲಿನ ಕ್ಲಾರಿಫೈಯರ್ (ಗಸಿ ಇಳಿಸುವ ತೊಟ್ಟಿ) ನಾರನ್ನು ಹಿಡಿಯುತ್ತಿಲ್ಲ ಅಂತ ಅರ್ಥ, ಎರಡನೆಯದು ಕಂಡರೆ ಸುಲಭವಾಗಿ ಕೊಳೆಯುವ ಸಾವಯವ ವಸ್ತು ಇನ್ನೂ ಹೊಳೆಗೆ ಬರುತ್ತಿದೆ ಅಂತ.

ಈ ನಾರು ಬಲೆಯನ್ನೂ ಕಟ್ಟಿಹಾಕುತ್ತದೆ. ಜಾಲರಿ ಮುಚ್ಚಿದೊಡನೆ ನೀರು ಹಿಂದೆ ನುಗ್ಗಿ ಹುಳುಗಳನ್ನು ಬಲೆಯ ಬಾಯಿಂದ ಹೊರಗೆ ತಳ್ಳುತ್ತದೆ. ಒಂದೇ ಸಮ 2 ನಿಮಿಷ ಕೆದಕುವ ಬದಲು 30 ಸೆಕೆಂಡಿಗೊಮ್ಮೆ ಎತ್ತಿ ತೊಳೆಯಿರಿ. ಮೇಲಿನ ಜಾಗದಲ್ಲೂ ಹಾಗೇ ಮಾಡಿ, ಅಲ್ಲಿ ಅಗತ್ಯವಿಲ್ಲದಿದ್ದರೂ.

ಆರಿಸುವಾಗ ಸಕ್ಕರೆ ದ್ರಾವಣ ಕೈ ಹಿಡಿಯುತ್ತದೆ. ಲೀಟರ್ ನೀರಿಗೆ 300 ಗ್ರಾಂ ಸಕ್ಕರೆ, ಸಾಂದ್ರತೆ 1.1ರ ಹತ್ತಿರ. ನಾರಿನ ಗಂಟನ್ನು ಬಿಡಿಸಿ ಅದರಲ್ಲಿ ಹಾಕಿದರೆ ಮೆದು ಮೈಯ ಹುಳು ತೇಲುತ್ತದೆ. ಬಸವನಹುಳು, ಕಲ್ಲಿನ ಗೂಡು ಕಟ್ಟಿದ ಕ್ಯಾಡಿಸ್ ಹುಳು ತೇಲಲ್ಲ, ಅದಕ್ಕೆ ತಳದ ಗಸಿಯನ್ನೂ ನೋಡಲೇಬೇಕು. ಹತ್ತರಲ್ಲಿ ಒಂದು ಡಬ್ಬಿಯನ್ನು ಬೇರೆಯವರು ಮತ್ತೆ ಆರಿಸಲಿ. ಮೊದಲಿನವರು ನೂರಕ್ಕೆ 90 ಹುಳುಗಳನ್ನಾದರೂ ಹಿಡಿದಿರದಿದ್ದರೆ ಆ ಕಂತನ್ನೆಲ್ಲ ಮತ್ತೆ ಮಾಡಿ.

ಶ್ಯಾನನ್ ಒಂದನ್ನೇ ನೆಚ್ಚಬೇಡಿ. ಕೆನಡಾದವರು ನಾಲ್ಕು ನೋಡುತ್ತಾರೆ: ಚದರ ಮೀಟರಿಗೆ ಎಷ್ಟು ಹುಳು, ಎಷ್ಟು ಕುಟುಂಬ, ಸಮತೆ (ಕುಟುಂಬಗಳ ನಡುವೆ ಸಂಖ್ಯೆ ಎಷ್ಟು ಸಮನಾಗಿ ಹಂಚಿದೆ), ಮತ್ತು ಹೋಲಿಕೆ ಜಾಗದಿಂದ ಸಮುದಾಯ ಎಷ್ಟು ದೂರ ಸರಿದಿದೆ ಅನ್ನುವ ಬ್ರೇ-ಕರ್ಟಿಸ್. ಹೋಲಿಕೆ ಜಾಗದ ಸರಾಸರಿಯಿಂದ ಎರಡು ಸ್ಟ್ಯಾಂಡರ್ಡ್ ಡೀವಿಯೇಶನ್ ಆಚೆ ಹೋದರೆ ಗಂಭೀರ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಸ್ಕೋರನ್ನೂ ಲೆಕ್ಕ ಹಾಕಿ, ವರದಿ ಓದುವ ಅಧಿಕಾರಿಗೆ ಆ ಭಾಷೆ ಅರ್ಥವಾಗುತ್ತದೆ. ಆದರೆ ಆ ಸ್ಕೋರ್ ಹುಟ್ಟಿದ್ದು ಚರಂಡಿ ತರಹದ ಮಾಲಿನ್ಯ ಅಳೆಯಲು. ಮಿಲ್ ನೀರಿನಲ್ಲಿ ಪೋಷಕಾಂಶ ಸ್ವಲ್ಪವೇ ಹೆಚ್ಚಿದ್ದಾಗ ಕುಟುಂಬಗಳ ಸಂಖ್ಯೆ ಇಳಿಯದೆ ಏರಲೂಬಹುದು. ಅದನ್ನು ನೋಡಿ ಹೊಳೆ ಸುಧಾರಿಸಿದೆ ಅಂತ ಬರೆದರೆ ನಗೆಪಾಟಲು.

ಇಲ್ಲಿ ಇನ್ನೊಂದು ಮಾತು. ದಾಂಡೇಲಿಯ ಹಾಗೆ ಮೊಸಳೆ ಇರುವ ಹೊಳೆಯಾದರೆ ಮಂಡಿಯುದ್ದದ ನೀರಿಗೂ ಒಬ್ಬರೇ ಇಳಿಯಬೇಡಿ. ಬೆಳಗಿನ ಜಾವದ ಆಕ್ಸಿಜನ್ ಓದನ್ನು ದಡದಿಂದಲೇ ಉದ್ದ ಕೇಬಲ್ಲಿನ ಪ್ರೋಬ್ ಬಿಟ್ಟು ತೆಗೆಯಿರಿ. ಪ್ರೋಬೇ ಇರಲಿ, ಅಯೋಡಿನ್ ಬಳಸಿ ಅಳೆಯುವ ವಿಂಕ್ಲರ್ ವಿಧಾನ ಬೇಡ. ಮಿಲ್ ನೀರಿನ ಸಲ್ಫೈಟಿನಂಥ ವಸ್ತುಗಳು ಅಯೋಡಿನ್ನನ್ನು ತಿಂದು ಓದನ್ನು ಕೆಳಗೆ ಎಳೆಯುತ್ತವೆ.

---

ಕಿವಿರು:

ಮೀನಿನ ಭಾಗ ಪೂರ್ತಿ ಬದಲಾಗಬೇಕು.

"ಬಲೆಗೆ ಬಿದ್ದ 30 ಮೀನು" ಅಂದರೆ ಏನೂ ಹೇಳಿದಂತಾಗಲಿಲ್ಲ. ಕೆನಡಾದಲ್ಲಿ ಎರಡು ಜಾತಿ, ಪ್ರತಿ ಜಾತಿಯಲ್ಲಿ ಬೆಳೆದ 20 ಗಂಡು, 20 ಹೆಣ್ಣು, ಪ್ರತಿ ಜಾಗದಿಂದ. ಆ ಇಪ್ಪತ್ತು ಎಲ್ಲಿಂದ ಬಂತು? ಅಂಡಾಶಯದ ತೂಕದಲ್ಲಿ 25% ವ್ಯತ್ಯಾಸ ಹಿಡಿಯಬೇಕು, ಇಲ್ಲದ್ದನ್ನು ಇದೆ ಅನ್ನುವ ತಪ್ಪೂ ಇದ್ದದ್ದನ್ನು ಇಲ್ಲ ಅನ್ನುವ ತಪ್ಪೂ 10% ಮೀರಬಾರದು ಅಂತಿಟ್ಟರೆ ಮೀನಿನಿಂದ ಮೀನಿಗೆ ಏರುಪೇರು 25% ಇದ್ದಾಗ ಗುಂಪಿಗೆ 17 ಮೀನು ಬೇಕು. ಏರುಪೇರು 40% ಆದರೆ 44 ಬೇಕು. ನಮ್ಮ ಮೀನುಗಳು ಕಂತು ಕಂತಾಗಿ ಮೊಟ್ಟೆ ಇಡುವವು, ಏರುಪೇರು ಜಾಸ್ತಿಯೇ. ಮೊದಲು ಮೇಲಿನ ಜಾಗದಿಂದ ಹತ್ತು ಹೆಣ್ಣು ಹಿಡಿದು ಏರುಪೇರು ನೋಡಿ, ಆಮೇಲೆ ಸಂಖ್ಯೆ ಗೊತ್ತು ಮಾಡಿ.

ಕಾಲ ಫೆಬ್ರವರಿ ಅಲ್ಲ. ಆಗ ಮಳೆಗಾಲದಲ್ಲಿ ಮೊಟ್ಟೆ ಇಡುವ ಮೀನಿನ ಅಂಡಾಶಯ ದಾರದೆಳೆಯಷ್ಟು. ಅದರಲ್ಲಿ 25% ಕಡಿಮೆಯಾದರೆ ನಿಮ್ಮ ತಕ್ಕಡಿಯ ತಪ್ಪಿನೊಳಗೇ ಮುಚ್ಚಿಹೋಗುತ್ತದೆ. ಮೇ ಕೊನೆ, ಮುಂಗಾರಿನ ಮೊದಲ ಏರಿಗೆ ಮುಂಚೆ ಹಿಡಿಯಿರಿ. ಒಂದು ಏರು ಬಂದರೆ ಮೀನು ಹತ್ತಿಹೋಗುತ್ತದೆ, ಆ ವರ್ಷದ ಕೆಲಸ ಮುಗಿಯಿತು. ಎಲ್ಲ ಜಾಗದ ಮೀನನ್ನೂ ಒಂದೇ ವಾರದೊಳಗೆ ಹಿಡಿಯಬೇಕು.

ಜಾತಿ: ಊರೂರು ತಿರುಗುವ ದೊಡ್ಡ ಮೀನು ಬೇಡ. ಬಿಳಿಮೀನು ಇವತ್ತು ಕೊಳವೆಯ ಕೆಳಗೆ, ನಾಳೆ ಮೇಲೆ. ತಳ ಬಿಟ್ಟು ಕದಲದ ಗ್ಲಾಸೊಗೋಬಿಯಸ್, ಜೊತೆಗೆ ಪುಂಟಿಯಸ್ ಗುಂಪಿನ ಒಂದು ಪಕ್ಕೆ ಮೀನು ಆಗುತ್ತದೆ. ಎರಡೂ ಎಲ್ಲ ಜಾಗದಲ್ಲಿ ಸಿಗಬೇಕು. ಒಂದೇ ಕಣ್ಣಿನ ಅಳತೆಯ ಬಲೆ, ಒಂದೇ ಹೊತ್ತು. ಮೇಲೆ 20 ಮಿ.ಮೀ., ಕೆಳಗೆ 15 ಮಿ.ಮೀ. ಕಣ್ಣಿನ ಬಲೆ ಹಾಕಿದರೆ ಕೆಳಗೆ ಮೀನು ಸಣ್ಣದಾಗಿದೆ ಅನ್ನುವ ಫಲಿತಾಂಶವನ್ನು ಬಲೆಯೇ ಬರೆದುಕೊಡುತ್ತದೆ. ಮೀನುಗಾರಿಕೆ ಇಲಾಖೆಯ ಅನುಮತಿ, ಕಾಡಿನೊಳಗಾದರೆ ಅರಣ್ಯ ಇಲಾಖೆಯದ್ದು, ಕಾಲೇಜಿನ ಪ್ರಾಣಿ ನೈತಿಕ ಸಮಿತಿಯದ್ದು, ಮೂರಕ್ಕೂ ಡಿಸೆಂಬರಿನಲ್ಲೇ ಅರ್ಜಿ ಹಾಕಿ.

ಕೊಲ್ಲಲು ಲವಂಗದ ಎಣ್ಣೆ. ಒಂದು ಪಾಲು ಎಣ್ಣೆಯನ್ನು ಒಂಬತ್ತು ಪಾಲು ಆಲ್ಕೊಹಾಲಿನಲ್ಲಿ ಬೆರೆಸಿ ಆಮೇಲೆ ನೀರಿಗೆ ಹಾಕಿ, ನೇರ ಹಾಕಿದರೆ ಮೇಲೆ ತೇಲುತ್ತದೆ. ಲೀಟರಿಗೆ 400 ಮಿ.ಗ್ರಾಂ ಎಣ್ಣೆ, ಕಿವಿರಿನ ಬಡಿತ ನಿಂತ ಮೇಲೂ ಹತ್ತು ನಿಮಿಷ ಬಿಡಿ. ಉದ್ದ 1 ಮಿ.ಮೀ. ನಿಖರತೆಗೆ, ಮೈತೂಕ 0.01 ಗ್ರಾಂ, ಈಲಿ ಮತ್ತು ಅಂಡಾಶಯ 0.001 ಗ್ರಾಂ. ಕರುಳು ತೆಗೆದ ಮೈತೂಕವನ್ನೂ ಬರೆದುಕೊಳ್ಳಿ, ಹೊಟ್ಟೆಯಲ್ಲಿ ಊಟ ಇದ್ದ ಮೀನು ಸುಮ್ಮನೆ ದಪ್ಪ ಕಾಣುತ್ತದೆ. ಹೊಳೆ ದಂಡೆಯಲ್ಲಿ ಮಿಲಿಗ್ರಾಂ ತಕ್ಕಡಿ ಗಾಳಿಗೆ ಕುಣಿಯುತ್ತದೆ. ಮೂರು ಕಡೆ ರಟ್ಟು ಮುಚ್ಚಿ, ಮಟ್ಟಸ ನೋಡಿ, ಪ್ರತಿ ಇಪ್ಪತ್ತು ಮೀನಿಗೊಮ್ಮೆ ಗೊತ್ತಿರುವ ತೂಕ ಇಟ್ಟು ಪರೀಕ್ಷಿಸಿ.

ಲೆಕ್ಕ ಹಾಕುವಾಗ ಶೇಕಡಾವಾರು ಅನುಪಾತಕ್ಕಿಂತ ಲಾಗ್ ತೆಗೆದು ಮೈತೂಕವನ್ನು ಜೊತೆಗಿಟ್ಟು ಆನ್‌ಕೋವಾ (ಮೈತೂಕದ ಪ್ರಭಾವ ಕಳೆದು ಜಾಗಗಳನ್ನು ಹೋಲಿಸುವ ಲೆಕ್ಕ) ಮಾಡಿ. ಒಂದೇ ಮೈತೂಕಕ್ಕೆ ಅಂಡಾಶಯ, ಈಲಿ 25%, ಒಂದೇ ಉದ್ದಕ್ಕೆ ಮೈತೂಕ 10% ಬದಲಾಗಿದ್ದರೆ ಕೆನಡಾದ ಪದ್ಧತಿಯಲ್ಲಿ ಅದು ಲೆಕ್ಕಕ್ಕೆ ಬರುವ ಪರಿಣಾಮ.

ಕೆನಡಾದ ಮಿಲ್‌ಗಳ ಕೆಳಗೆ ಸಾಮಾನ್ಯವಾಗಿ ಸಿಕ್ಕ ಚಿತ್ರ ಹೀಗೆ: ಮೀನು ದಪ್ಪ, ಈಲಿ ದೊಡ್ಡದು, ಅಂಡಾಶಯ ಸಣ್ಣದು. ಊಟ ಹೆಚ್ಚಿದ್ದಕ್ಕೆ ಮೀನು ಕೊಬ್ಬಿದೆ ಅಂತಿದ್ದರೆ ಅಂಡಾಶಯವೂ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ ಅಂದರೆ ಹಾರ್ಮೋನಿನಲ್ಲಿ ಏನೋ ಅಡ್ಡ ಬಂದಿದೆ. ಸುಪೀರಿಯರ್ ಸರೋವರದ ಜ್ಯಾಕ್‌ಫಿಶ್ ಬೇಯಲ್ಲಿ ಬಿಳಿ ಸಕ್ಕರ್ ಮೀನಿನಲ್ಲಿ ಇದನ್ನೇ ಕಂಡರು. ಅಲ್ಲಿಯ ಮಿಲ್ 1989ರಲ್ಲಿ ಎರಡನೇ ಹಂತದ ಸಂಸ್ಕರಣೆ ಶುರು ಮಾಡಿದ ಮೇಲೂ ಅದು ಪೂರ್ತಿ ಮಾಯವಾಗಲಿಲ್ಲ. ಹಾಗಾಗಿ "ಮಿಲ್ಲಿನ ಕೆಳಗೆ ಮೀನು ಚೆನ್ನಾಗಿ ಕೊಬ್ಬಿದೆ" ಅಂತ ಯಾರಾದರೂ ಹೇಳಿದರೆ ಹೊಟ್ಟೆ ಬಗೆದು ನೋಡಿಯೇ ಒಪ್ಪಿ.

---

ಹೊಳೆಸಾಲು:

ಜಾಗ, ಕಾಲ ಎರಡೂ ಬದಲಿಸುತ್ತೇವೆ. ಎರಡು ಪ್ರಶ್ನೆ. ಕೊಳವೆ ನೀರಿನಲ್ಲಿ ಜೀಬ್ರಾ ಮೀನು 96 ಗಂಟೆ ಒಂದೂ ಸಾಯದಿದ್ದರೆ ಅದಕ್ಕೆ ಏನು ಬೆಲೆ? ಮತ್ತು ಜಾಗಕ್ಕೆ 40 ಹೆಣ್ಣು ಸಿಗದಿದ್ದರೆ ಬೇರೆ ದಾರಿ?

---

ಗಾಜಿನ ತೊಟ್ಟಿ:

ಜೀಬ್ರಾ ಮೀನಿನ ಪರೀಕ್ಷೆ ಹೇಳುವುದು ಒಂದೇ: ನಾಲ್ಕು ದಿನದಲ್ಲಿ ಸಾಯಲಿಲ್ಲ. ನಮ್ಮ ದೇಶದ ಸಾಮಾನ್ಯ ವಿಸರ್ಜನಾ ಮಾನಕ ಕೇಳುವುದೂ ಅದನ್ನೇ, 100% ನೀರಿನಲ್ಲಿ 96 ಗಂಟೆಗೆ 90% ಮೀನು ಬದುಕಬೇಕು. ಕೆನಡಾದಲ್ಲಿ ರೇನ್‌ಬೋ ಟ್ರೌಟ್ ಅರ್ಧಕ್ಕಿಂತ ಹೆಚ್ಚು ಸಾಯಬಾರದು. ಸಂತಾನದ ಮಾತು ಎರಡರಲ್ಲೂ ಇಲ್ಲ.

ಆ ಪರೀಕ್ಷೆಯಲ್ಲೂ ಒಂದು ಹಳ್ಳ ಇದೆ. ಗಾಳಿ ಜೋರಾಗಿ ಬಿಟ್ಟರೆ ನೀರಿನ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ 7.4ರಿಂದ 8.4ಕ್ಕೆ ಏರಬಹುದು. 25 ಡಿಗ್ರಿಯಲ್ಲಿ ಅಮೋನಿಯಾದ ವಿಷಕಾರಿ ಪಾಲು ಆಗ 1.4%ರಿಂದ 12%ಕ್ಕೆ ಜಿಗಿಯುತ್ತದೆ. ಮೀನು ಸತ್ತದ್ದು ಹೊಳೆಯಲ್ಲಿ ಇಲ್ಲದ ಕಾರಣಕ್ಕೆ! ದಿನಕ್ಕೆರಡು ಸಲ ಪಿಎಚ್ ಬರೆಯಿರಿ, ಗುಳ್ಳೆ ನಿಧಾನ ಬಿಡಿ, ಸ್ಯಾಂಪಲ್ ತಂದ 24 ಗಂಟೆಯೊಳಗೆ ಶುರು ಮಾಡಿ.

ಈ ಅಮೋನಿಯಾ ಎಲ್ಲಿಂದ ಅಂದರೆ, ಮಿಲ್ ನೀರಿನಲ್ಲಿ ಮರದ ಸಕ್ಕರೆ ಇರುತ್ತದೆ, ಸಾರಜನಕ ರಂಜಕ ಇರುವುದಿಲ್ಲ. ಏರೇಶನ್ ತೊಟ್ಟಿಯ ಬ್ಯಾಕ್ಟೀರಿಯಾ ಬದುಕಲು ಯೂರಿಯಾ, ಡಿಎಪಿ ಸುರಿಯುತ್ತಾರೆ, ಬಿಒಡಿ 100ಕ್ಕೆ ಸಾರಜನಕ 5, ರಂಜಕ 1ರ ಲೆಕ್ಕದಲ್ಲಿ. ಕೈ ಸ್ವಲ್ಪ ಜಾಸ್ತಿಯಾದರೆ ಮಿಕ್ಕಿದ್ದು ಹೊಳೆಗೆ. ಕಲ್ಲಡಿಹುಳ ಹೇಳಿದ ಕುಟುಂಬ ಏರುವಿಕೆ, ಕಿವಿರು ಹೇಳಿದ ದಪ್ಪ ಮೀನು, ಎರಡಕ್ಕೂ ಇದೇ ಮೊದಲ ಅನುಮಾನ. ಕೊಳವೆ ನೀರಿನ ಅಮೋನಿಯಾ, ಒಟ್ಟು ರಂಜಕ ಅಳೆಯದೆ ಬಿಡಬೇಡಿ, ಬಿಒಡಿ ವರದಿಯಲ್ಲಿ ಅವು ಕಾಣುವುದಿಲ್ಲ. ಬಿಒಡಿ ಅಂದಾಗ ನೆನಪಾಯಿತು: ನಮ್ಮದು 27 ಡಿಗ್ರಿಯಲ್ಲಿ 3 ದಿನ, ಕೆನಡಾದ್ದು 20 ಡಿಗ್ರಿಯಲ್ಲಿ 5 ದಿನ. ಪಕ್ಕಪಕ್ಕ ಟೇಬಲ್ ಮಾಡುವಾಗ ಬರೆದುಕೊಳ್ಳಿ.

ಸಾಯದ ಮಟ್ಟದ ಪರಿಣಾಮಕ್ಕೆ ಸೀರಿಯೋಡಾಫ್ನಿಯಾ ಅನ್ನುವ ಸಣ್ಣ ನೀರುಚಿಗಟದ ಏಳು ದಿನದ ಸಂತಾನ ಪರೀಕ್ಷೆ ಮಾಡಿ. ಹುಟ್ಟಿ 24 ಗಂಟೆಯೊಳಗಿನ ಮರಿ, ಒಂದು ಲೋಟಕ್ಕೆ ಒಂದು, ಪ್ರತಿ ಸಾಂದ್ರತೆಗೆ ಹತ್ತು ಲೋಟ: 100, 50, 25, 12.5, 6.25% ಮತ್ತು ಬರೀ ಹೊಳೆ ನೀರು. ಹೊಳೆ ನೀರಿನಲ್ಲಿ ತಾಯಿಗೆ ಸರಾಸರಿ 15 ಮರಿ ಬರದಿದ್ದರೆ ಪರೀಕ್ಷೆ ರದ್ದು. ಬೋರ್‌ವೆಲ್ ನೀರಿನಲ್ಲಿ ಸಾಕಿದ ಹುಳುವನ್ನು ಮಲೆನಾಡಿನ ಮೃದು ನೀರಿಗೆ ನೇರ ಹಾಕಿದರೆ ಗಡಸುತನದ ಆಘಾತಕ್ಕೇ ಮರಿ ಕಡಿಮೆಯಾಗುತ್ತವೆ, ಎರಡು ಪೀಳಿಗೆ ಹೊಳೆ ನೀರಿನಲ್ಲೇ ಸಾಕಿ. ಮರಿಗಳ ಸಂಖ್ಯೆ 25% ಇಳಿಯುವ ಸಾಂದ್ರತೆ 12% ಅಂತ ಬಂದರೆ ಅದನ್ನು ಅಳತೆಗೋಲು ಹೇಳಿದ ಕಂಡಕ್ಟಿವಿಟಿ ನಕ್ಷೆಯ ಮೇಲೆ ಇಡಿ. ಹೊಳೆಯಲ್ಲಿ 12% ಇರುವ ಪಟ್ಟಿ ಎಷ್ಟು ಉದ್ದ, ದಿನದ ಯಾವ ಹೊತ್ತಿನಲ್ಲಿ?

ಮೀನು ಸಿಗದಿದ್ದರೆ ಲ್ಯಾಮೆಲಿಡೆನ್ಸ್ ಕಪ್ಪೆಚಿಪ್ಪನ್ನು ಪಂಜರದಲ್ಲಿ ಕಟ್ಟಿ 60ರಿಂದ 90 ದಿನ ಬಿಟ್ಟು ಬೆಳವಣಿಗೆ ಅಳೆಯಿರಿ. ಒಂದೇ ಕೆರೆಯಿಂದ ತಂದ, ಒಂದೇ ಗಾತ್ರದವು. ಪಂಜರ ಕಳವಾಗುವುದು ಗ್ಯಾರಂಟಿ, ಜಾಗಕ್ಕೆ ಐದು ಬೇಕಿದ್ದರೆ ಎಂಟು ಕಟ್ಟಿ.

---

ಕಿವಿರು:

ಕಪ್ಪೆಚಿಪ್ಪು ಒಪ್ಪುತ್ತೇನೆ, ಆದರೆ ಅದು ಹಾರ್ಮೋನಿನ ಪ್ರಶ್ನೆಗೆ ಉತ್ತರ ಕೊಡಲ್ಲ. ಸೊಳ್ಳೆ ನಿಯಂತ್ರಣಕ್ಕೆ ಬಿಟ್ಟ ಗಂಬೂಸಿಯಾ ಮೀನು ದಂಡೆಯ ನಿಂತ ನೀರಿನಲ್ಲಿ ಇದೆಯಾ ನೋಡಿ. ಫ್ಲಾರಿಡಾದ ಫೆನ್‌ಹಾಲೋವೇ ನದಿಯಲ್ಲಿ ಮಿಲ್ಲಿನ ಕೆಳಗಿನ ಹೆಣ್ಣು ಗಂಬೂಸಿಯಾಗಳಿಗೆ ಗಂಡಿನ ಹಾಗೆ ಗುದರೆಕ್ಕೆ ಚೂಪಾಗಿ ಉದ್ದವಾಗಿದ್ದು 1980ರಲ್ಲೇ ಪ್ರಕಟವಾಯಿತು. ಮರದ ಸ್ಟೆರಾಲನ್ನು (ಕೊಬ್ಬಿನಂಥ ಒಂದು ವಸ್ತು) ಬ್ಯಾಕ್ಟೀರಿಯಾ ಗಂಡು ಹಾರ್ಮೋನಿನಂಥ ವಸ್ತುವಾಗಿ ಮಾರ್ಪಡಿಸುತ್ತದೆ ಅನ್ನುವುದು ಅದಕ್ಕೆ ಕೊಡುವ ಮುಖ್ಯ ವಿವರಣೆ. ಪೈನ್ ಮರದ ರಾಳದ ಆಮ್ಲದ ಮೇಲಿನ ವಿದೇಶಿ ಲೇಖನಗಳು ನಿಮ್ಮ ನೀಲಗಿರಿ ಮಿಲ್ಲಿಗೆ ಅಷ್ಟಾಗಿ ಹೊಂದುವುದಿಲ್ಲ, ಆದರೆ ಅಂಥ ಸ್ಟೆರಾಲ್ ಆದ ಸಿಟೋಸ್ಟೆರಾಲ್ ನೀಲಗಿರಿಯಲ್ಲೂ ಇದೆ. ಬಸುರಿ ಹೆಣ್ಣುಗಳನ್ನೇ ಆರಿಸಿ (ಹೊಟ್ಟೆಯ ಕಪ್ಪು ಮಚ್ಚೆ ನೋಡಿ), 10 ಪಟ್ಟಿನ ಲೆನ್ಸಿನಲ್ಲಿ ಗುದರೆಕ್ಕೆಯ 4ನೇ ಮತ್ತು 6ನೇ ಕಡ್ಡಿಯ ಉದ್ದ ಅಳೆದು ಅನುಪಾತ ಬರೆಯಿರಿ. ಮೇಲೆ 50, ಕೆಳಗೆ 50. ಅಳೆಯುವವರಿಗೆ ಯಾವ ಡಬ್ಬಿ ಎಲ್ಲಿಯದು ಅಂತ ಹೇಳಬೇಡಿ.

---

ಕಲ್ಲಡಿಹುಳ:

ಡಬ್ಬಿ ಅಂದಿದ್ದಕ್ಕೆ ಸೇರಿಸುತ್ತೇನೆ: ಚೀಟಿಯನ್ನು ಟ್ರೇಸಿಂಗ್ ಪೇಪರ್ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಡಬ್ಬಿಯ ಒಳಗೆ ಹಾಕಿ. ಬಾಲ್‌ಪೆನ್, ಮಾರ್ಕರ್ ಎರಡೂ ಆಲ್ಕೊಹಾಲಿನಲ್ಲಿ ಕರಗುತ್ತವೆ. ಮುಚ್ಚಳದ ಮೇಲೆ ಮಾತ್ರ ಬರೆದರೆ ತೊಳೆಯುವ ದಿನ ಮುಚ್ಚಳಗಳು ಅದಲುಬದಲಾಗುತ್ತವೆ.